ಹೊರಗಡಲಿಗೆ ಹೊಲಿದ ಚೀಲ

ಬಂದರಿನ ಬೀದಿಯಲ್ಲಿ ನನ್ನ ಅತ್ತಿಗೆಯ ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ದಬ್ಬಳದಕ್ಕ ಎಂದರೆ ಮಾತ್ರ ಮೀನು ತೂಗುವವನು ತಕ್ಕಡಿ ಬಿಟ್ಟೆದ್ದು ಅಂಗಡಿಯ ಬಾಗಿಲ ತನಕ ಬಿಟ್ಟು ಹೋಗುತ್ತಾನೆ. ದಬ್ಬಳವೆಂದರೆ ಗೋಣಿ ಹೊಲಿಯುವ ದಪ್ಪ ಸೂಜಿ. ದೋಣಿಯ ಟಾರ್ಪಾಲಾಗಲಿ, ಎಂಜಿನ್ನಿನ ಮುಸುಕಾಗಲಿ, ಹರಿದದ್ದು ಅವಳ ತೊಡೆಯ ಮೇಲೆ ಬಂದು ಬೀಳಲೇಬೇಕು.

ಮದುವೆಯಾಗಿ ಬಂದಾಗ ಅವಳಿಗೆ ಅಂಗಿಗೆ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ನನ್ನ ಅಣ್ಣ ಹೊಲಿಯುತ್ತಿದ್ದ, ಇವಳು ಎದುರು ಕೂತು ಬಟ್ಟೆಯ ಇನ್ನೊಂದು ತುದಿ ಹಿಡಿಯುತ್ತಿದ್ದಳು. ಹಿಡಿಯುತ್ತ ಹಿಡಿಯುತ್ತ ಅವನ ಕೈ ನೋಡಿ ಕಲಿತಳು. ಅಣ್ಣ ತೀರಿಕೊಂಡ ಮೇಲೆ ಅವನು ಅಂಗೈಗೆ ಕಟ್ಟುತ್ತಿದ್ದ ತೊಗಲಿನ ಪಟ್ಟಿಯನ್ನು ತನ್ನ ಕೈಗೆ ಬಿಗಿದುಕೊಂಡು ಅದೇ ಜಾಗದಲ್ಲಿ ಕೂತಳು. ಶಾಲೆಯ ಗಂಟೆ ನನಗೂ ಅವಳಿಗೂ ದೂರದಿಂದ ಕೇಳಿದ್ದಷ್ಟೇ. ನಾನು ಎಂಜಿನ್ನು ಬಿಚ್ಚಿ ಕಲಿತೆ, ಅವಳು ಹೊಲಿಗೆ ಬಿಚ್ಚಿ. ಹಾಗೆ ಕಲಿತದ್ದು ಕಡೆಯ ತನಕ ಕೈಬಿಡುವುದಿಲ್ಲ.

ಅವಳದೊಂದು ಪದ್ಧತಿಯಿತ್ತು. ಏನೇ ಹೊಲಿದರೂ ಮೂಲೆಯಲ್ಲಿ ಕೆಂಪು ದಾರದಲ್ಲಿ ಒಂದು ಕತ್ತರಿ ಗುರುತು ಹಾಕುತ್ತಿದ್ದಳು. ಗಾಳಿಗೆ ಹಾರಿ ಕಡಲಿಗೆ ಬಿದ್ದ ಟಾರ್ಪಾಲು ಯಾವ ದೋಣಿಗೆ ಸಿಕ್ಕರೂ, ಕೆಂಪು ದಾರ ಕಂಡರೆ ಸಾಕು, ತಂದು ಅವಳ ಅಂಗಡಿಯಲ್ಲಿ ಹಾಕುತ್ತಿದ್ದರು. ಅವಳು ಬಟ್ಟೆಯ ಅಂಚು ಸವರಿ, ಇದು ಇಂಥವನದು ಎಂದು ಹೇಳಿ ಕಳಿಸುತ್ತಿದ್ದಳು.

ಒಂದು ದಿನ ಸಮುದ್ರದ ಅಧ್ಯಯನ ಮಾಡುವ ಮೇಡಂ ಒಬ್ಬರು ಅಂಗಡಿಗೆ ಬಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಆಳೆತ್ತರಕ್ಕಿಂತ ಉದ್ದದ ಬಟ್ಟೆಯ ಚೀಲ. ಅದಕ್ಕೆ ತಳವಿಲ್ಲ, ಪಕ್ಕದಲ್ಲೆಲ್ಲ ತೂತು.

“ಮೇಲೂ ತೂತು, ಕೆಳಗೂ ತೂತು, ಮೈಯೆಲ್ಲ ತೂತು. ಏನು ಮೇಡಂ, ತಿಮಿಂಗಿಲಕ್ಕೆ ಚಡ್ಡಿಯಾ?” ಎಂದಳು ಅತ್ತಿಗೆ.

ಮೇಡಂ ಬಿದ್ದು ಬಿದ್ದು ನಕ್ಕರು. “ಇದನ್ನ ತೇಲೋ ಚೆಂಡಿನಂಥ ಒಂದು ಗುಂಡಿನ ಕೆಳಗೆ ಕಟ್ಟಿ ಕಡಲಿಗೆ ಬಿಡ್ತೀವಿ ಅಮ್ಮ. ಬರೀ ಗುಂಡಾದ್ರೆ ಗಾಳಿ ತಳ್ಳಿದ ಕಡೆ ಓಡುತ್ತೆ. ಕೆಳಗೆ ಚೀಲ ಇದ್ರೆ ನೀರು ಹೋದ ಕಡೆನೇ ಹೋಗುತ್ತೆ. ಎಲ್ಲಿದೀನಿ ಅಂತ ಗುಂಡು ಆಗಾಗ ನಮಗೆ ಸುದ್ದಿ ಕಳಿಸುತ್ತೆ.”

“ನೀರು ಎಲ್ಲಿಗೋ ಹೋಗುತ್ತೆ. ತಿಳ್ಕೊಂಡು ಏನಾಗ್ಬೇಕು?”

“ನಿಮ್ಮ ಅಂಗಡಿ ಜಗುಲಿ ನೋಡಿ. ನೆಲ ಕಡಲೊಳಗೂ ಹೀಗೇ ಒಂದಷ್ಟು ದೂರ ಚಾಚಿಕೊಂಡಿದೆ. ಅದರ ಮೇಲೆ ನೀರು ಅಷ್ಟೇನೂ ಆಳ ಇಲ್ಲ. ಅಂಚು ದಾಟಿದ್ರೆ ಪಾತಾಳ. ಆ ಅಂಚಿನ ಪಕ್ಕದಲ್ಲೇ ದೊಡ್ಡ ಪ್ರವಾಹ ಹರಿಯುತ್ತೆ, ಬೀದಿಲಿ ಲಾರಿ ಹೋದ ಹಾಗೆ. ಅದರ ನೀರು ಜಗುಲಿ ಹತ್ತುತ್ತಾ? ಹತ್ತಿದ್ರೆ ಎಲ್ಲಿ? ಆಳದ ನೀರಲ್ಲಿ ಸಾರ ಜಾಸ್ತಿ. ಅದು ಒಳಗೆ ಬಂದ್ರೆ ನಮ್ಮ ಮೀನಿಗೆ ಮೇವು.”

ಅಂದಿನಿಂದ ಅತ್ತಿಗೆಗೆ ಅದೇ ಧ್ಯಾನ. ಬೀದಿಯ ನಲ್ಲಿ ಕಿತ್ತುಕೊಂಡು ನೀರು ಹರಿದ ದಿನ ದಬ್ಬಳ ಕೆಳಗಿಟ್ಟು ಜಗುಲಿಯ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತಳು.

“ಮೈದುನ, ಬಾ ಇಲ್ಲಿ. ನೀರು ಜಗುಲಿನ ಸವರಿಕೊಂಡು ಹೋಗ್ತಿದೆ, ಮೇಲೆ ಹತ್ತೋದೇ ಇಲ್ವಲ್ಲೋ!”

“ಎಲ್ಲಾದ್ರೂ ಸುಳಿ ಎದ್ದು ಒಳಗೆ ಎರಚುತ್ತೆ ಬಿಡು,” ಎಂದೆ.

“ಕಂಡು ಬಂದವನ ಹಾಗೆ ಹೇಳ್ತಾನೆ,” ಎಂದು ಮೂತಿ ತಿರುವಿದಳು.

ಅತ್ತಿಗೆ ಹೊಲಿದುಕೊಟ್ಟ ಚೀಲಗಳು ಕಡಲಿಗೆ ಹೋದವು. ವಾರ ಕಳೆಯುವುದರೊಳಗೆ ಮೇಡಂ ಮುಖ ಸಣ್ಣದು ಮಾಡಿಕೊಂಡು ಬಂದರು.

“ಅಮ್ಮ, ಬೇಜಾರು ಮಾಡ್ಕೋಬೇಡಿ. ನಿನ್ನೆ ಅಂಚಿನ ಹತ್ರ ಇದ್ದ ಗುಂಡು ಇವತ್ತು ನಮ್ಮ ಬಂದರಿನ ಬಾಯಲ್ಲಿದೆ. ನೀರು ಹಾಗೆ ಓಡೋದಿಲ್ಲ. ಚೀಲ ಕಿತ್ತು ಹೋಗಿ ಗಾಳಿ ತಳ್ಳಿರಬೇಕು. ಮುಂದಿನ ಸಲ ನಮ್ಮ ಆಫೀಸಿನವರು ಕಾರ್ಖಾನೆಲಿ ಮಾಡಿಸಿ ಅಂತಿದಾರೆ.”

ಅತ್ತಿಗೆಯ ಮುಖಕ್ಕೆ ರಕ್ತ ನುಗ್ಗಿತು. “ನನ್ನ ಹೊಲಿಗೆ ಕಿತ್ತು ಹೋಗೋದಾ? ಬಟ್ಟೆ ಹರಿದೀತು ಮೇಡಂ, ಹೊಲಿಗೆ ಬಿಡೋಲ್ಲ. ನೀರೇ ಓಡಿ ಬಂದಿರುತ್ತೆ!”

“ಅಷ್ಟು ಜೋರಾಗಿ ಬಂದಿದ್ರೆ ನಿಮ್ಮ ದೋಣಿಗಳೆಲ್ಲ ಈ ಜಗುಲಿ ಮೇಲೆ ಇರ್ತಿದ್ವು ಅಮ್ಮ.”

ಅತ್ತಿಗೆ ಅಂಗೈಯ ತೊಗಲಿನ ಪಟ್ಟಿ ಬಿಚ್ಚಿದಳು, ಮತ್ತೆ ಕಟ್ಟಿದಳು. ಕೆಲಸ ಹೋಗುತ್ತದಲ್ಲ ಎನ್ನುವುದಕ್ಕಿಂತ ಚೀಲ ಕಿತ್ತಿತೆಂಬ ಮಾತು ಅವಳನ್ನು ಹೆಚ್ಚು ಕೊರೆಯಿತು. ಅಣ್ಣನ ಕಾಲದಿಂದ ಆ ಅಂಗಡಿಯ ಹೊಲಿಗೆಗೆ ಯಾರೂ ಬೊಟ್ಟು ಮಾಡಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ದಪ್ಪ ಮೀಸೆಯ ದೋಣಿಯವನು ಕಾಣಿಸಿಕೊಂಡ. ಹೆಗಲ ಮೇಲೆ ಒದ್ದೆ ಗಂಟು, ಮುಖದಲ್ಲಿ ಊರು ಉಳಿಸಿದವನ ಗತ್ತು.

“ಅಕ್ಕಾ, ನಿನ್ನ ಸಾಮಾನು ದೂರದ ಕಡಲಲ್ಲಿ ತೇಲ್ತಾ ಇತ್ತು. ಕೆಂಪು ದಾರ ಕಂಡೆ, ಬಿಡೋಕೆ ಮನಸ್ಸಾಗ್ಲಿಲ್ಲ. ಮೀನು ಬಿಟ್ಟು ಇದನ್ನ ಎಳ್ಕೊಂಡೆ. ಮಡಿಚಿ, ಗುಂಡು ಸಮೇತ ಟಾರ್ಪಾಲಿನ ಅಡಿ ಜೋಪಾನವಾಗಿ ಇಟ್ಕೊಂಡು ಬಂದೆ. ಮಿಕ್ಕವೂ ಬರ್ತಾವೆ, ನಮ್ಮ ಭಾವನ ದೋಣಿಲಿವೆ.”

ಮೇಡಂ ಗಂಟನ್ನು ನೋಡಿದರು, ದೋಣಿಯವನನ್ನು ನೋಡಿದರು. ಆಮೇಲೆ ಕಿಸಕ್ಕನೆ ನಕ್ಕರು. ಅತ್ತಿಗೆ ನಗಲಿಲ್ಲ. ಗಂಟು ಬಿಚ್ಚಿ ಚೀಲದ ಹೊಲಿಗೆಯನ್ನು ಮೇಲಿನಿಂದ ಕೆಳಗೆ ಬೆರಳಲ್ಲಿ ಸವರಿದಳು. ಎಲ್ಲೂ ಒಂದು ಎಳೆ ಸಡಿಲವಾಗಿರಲಿಲ್ಲ. ಮೂಲೆಯಲ್ಲಿ ಕೆಂಪು ಕತ್ತರಿ ಹೊಳೆಯುತ್ತಿತ್ತು.

“ಇನ್ಮೇಲೆ ಎತ್ಕೋಬೇಡಿ ಅಂತ ಎಲ್ಲರಿಗೂ ಹೇಳ್ಬಿಡೋಣ,” ಎಂದರು ಮೇಡಂ.

“ಕೆಂಪು ದಾರ ಕಂಡ್ರೆ ಕೈ ಸುಮ್ನಿರುತ್ತಾ ಮೇಡಂ?” ಎಂದ ಮೀಸೆಯವನು. ಅವನ ಮಾತು ನಿಜವೇ ಆಗಿತ್ತು.

ಗುರುತಿಲ್ಲದ ಬಟ್ಟೆ ಆ ಹೊಸ್ತಿಲು ದಾಟಿದ್ದೇ ಇಲ್ಲ. ಕೊನೆಗೆ ಅತ್ತಿಗೆ ಕತ್ತರಿ ತೆಗೆದುಕೊಂಡು ಕೆಂಪು ಎಳೆಗಳನ್ನು ಒಂದೊಂದಾಗಿ ತಾನೇ ಕಿತ್ತಳು. “ಇದನ್ನೇ ಮತ್ತೆ ಬಿಡಿ ಮೇಡಂ. ಯಾರು ಹೊಲಿದದ್ದು ಅಂತ ನೀರಿಗೆ ಗೊತ್ತಾಗ್ಬೇಕಾಗಿಲ್ಲ. ನನಗೆ ಗೊತ್ತಾಗ್ಬೇಕಾದದ್ದು ಬೇರೆ ಇದೆ.”

ಈ ಸಲ ಗುಂಡುಗಳು ತಿಂಗಳುಗಟ್ಟಲೆ ತಿರುಗಿದವು. ಮೇಡಂ ನಕ್ಷೆ ತಂದು ಹೊಲಿಗೆ ಮೇಜಿನ ಮೇಲೆ ಹರಡಿದಾಗ ಅತ್ತಿಗೆ ಕನ್ನಡಕ ಏರಿಸಿ ಬಾಗಿದಳು. ಹೆಚ್ಚಿನ ಗುಂಡುಗಳು ಅಂಚಿನ ಉದ್ದಕ್ಕೇ ಹೊರಟುಹೋಗಿದ್ದವು, ಜಗುಲಿ ಸವರಿದ ನಲ್ಲಿ ನೀರಿನಂತೆ. ಒಂದು ಮಾತ್ರ ಪ್ರವಾಹದ ಮಗ್ಗುಲಲ್ಲಿ ಎದ್ದ ಸುಳಿಗೆ ಸಿಕ್ಕಿ, ಗಿರಗಿರ ಸುತ್ತಿ, ಅಂಚಿನಲ್ಲಿ ಕಣಿವೆ ಕೊರೆದ ಜಾಗದಲ್ಲಿ ಒಳಗೆ ನುಗ್ಗಿತ್ತು. ಅಲ್ಲಿಂದ ಮುಂದೆ ಅದರ ಗೆರೆ ನಮ್ಮ ಕಡಲಲ್ಲಿ ದಾರಿ ತಪ್ಪಿದ ಹಸುವಿನಂತೆ ಅಲೆದಿತ್ತು. ಸುಳಿಯ ಮಾತು ನಾನು ಮೊದಲೇ ಆಡಿದ್ದೆ. ಯಾರೂ ನೆನಪಿಸಿಕೊಳ್ಳಲಿಲ್ಲವಾದ್ದರಿಂದ ನಾನೇ ನೆನಪಿಸಿದೆ.

“ಚೀಲ?” ಎಂದಳು ಅತ್ತಿಗೆ.

“ಕಡೇ ತನಕ ಹಿಡಿದಿತ್ತು ಅಮ್ಮ. ಆಫೀಸಿನವರು ಕಾರ್ಖಾನೆ ಮಾತು ಬಿಟ್ಟಿದಾರೆ.”

ಅತ್ತಿಗೆ ತಲೆದೂಗಿದಳು. ಆದರೆ ಬೆರಳು ಇನ್ನೂ ನಕ್ಷೆಯ ಮೇಲೇ ಇತ್ತು. “ಇಷ್ಟು ನೀರು ಒಳಗೆ ಬಂತು. ಅಷ್ಟೇ ನೀರು ಹೊರಗೂ ಹೋಗಿರ್ಬೇಕಲ್ಲ, ಇಲ್ದಿದ್ರೆ ನಮ್ಮ ಬೀದಿ ಮುಳುಗ್ತಿತ್ತು. ಅದು ಎಲ್ಲಿಂದ ಹೋಯ್ತು?”

“ಅದು ನಮಗೂ ಸರಿಯಾಗಿ ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ!” ಎಂದು ಅತ್ತಿಗೆ ಅಳತೆ ಪಟ್ಟಿ ಎಳೆದುಕೊಂಡಳು. “ಮೈದುನ, ಬಟ್ಟೆಯ ಆ ತುದಿ ಹಿಡಿ. ಈ ಸಲ ದಡದ ಹತ್ರದಿಂದ ಬಿಡೋಣ.”

ನಾನು ಹಿಡಿದೆ. ದಬ್ಬಳಕ್ಕೆ ಅವಳು ಪೋಣಿಸಿದ್ದು ಬಿಳೀ ದಾರ.