ನಮ್ಮ ಸಂಘದ ಮುಟ್ಟುವ ಟಿವಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸೂಲಿಬೆಲೆ ಹತ್ತಿರದ ಒಂದು ರೈತರ ಸಹಕಾರ ಸಂಘದಲ್ಲಿ ಗುಮಾಸ್ತೆಯಾಗಿದ್ದೆ. ಹೊಸಕೋಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತಿದ್ದೆ. ಅದರಲ್ಲಿ ಒಂದು ತಿಂಗಳು ಕರೆಂಟೇ ಇರಲಿಲ್ಲ. ಆದರೂ ರೈತರಿಗೆ ಮಾಹಿತಿ ಕೊಡಲೆಂದು ಸಂಘಕ್ಕೆ ಟಚ್‌ಸ್ಕ್ರೀನ್ ಇರುವ ಕಂಪ್ಯೂಟರ್ ಬಂದಾಗ, ನಮ್ಮ ಕಾರ್ಯದರ್ಶಿಗಳು ಅದನ್ನು ನನ್ನ ತಲೆಗೇ ಕಟ್ಟಿದರು.

ಗೋದ್ರೆಜ್ ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಅದರ ಎದೆಯ ಮಟ್ಟದಲ್ಲಿ ಟಿವಿಯಂಥ ಗಾಜು. ಗಾಜಿನ ಮೇಲೆ ನಾಲ್ಕು ಚಿತ್ರ: ರಾಗಿ ತೆನೆ, ಹಸು, ತರಕಾರಿ, ರೇಷ್ಮೆಗೂಡು. ಬೇಕಾದ ಚಿತ್ರವನ್ನು ಬೆರಳಿನಿಂದ ಮುಟ್ಟಿದರೆ ಅದರ ಮಾಹಿತಿ ಬರಬೇಕು. ಕಾರ್ಯದರ್ಶಿಗಳು ಅದನ್ನು ಬಾಗಿಲಿಗೆ ಎದುರಾಗಿ, ಒಳಗೆ ಕಾಲಿಟ್ಟವರಿಗೆಲ್ಲ ಕಾಣುವಂತೆ ಇಡಿಸಿದರು. ಊರಿನವರು ಅದಕ್ಕೆ ‘ಮುಟ್ಟೋ ಟಿವಿ’ ಎಂದು ಹೆಸರಿಟ್ಟರು.

ಮೊದಲ ದಿನ ಬೆಳಿಗ್ಗೆ ಬಂದ ರೈತರೊಬ್ಬರು ರಾಗಿ ತೆನೆ ಮುಟ್ಟಿದರು. ಹಸುವಿನ ಕಾಲುಬಾಯಿ ಜ್ವರ ಬಂತು. ಮತ್ತೆ ಮುಟ್ಟಿದರು. ಟೊಮೇಟೊ ಬಂತು. ಆಮೇಲೆ ಯಾರೂ ಮುಟ್ಟದೆಯೇ ಟೊಮೇಟೊ ಹೋಗಿ ಹಸು, ಹಸು ಹೋಗಿ ರೇಷ್ಮೆ, ಪುಟಗಳು ತಾವಾಗಿಯೇ ಮಗುಚಿಕೊಳ್ಳತೊಡಗಿದವು.

“ಏನವ್ವಾ, ಇದಕ್ಕೆ ಗಾಳಿ ಸೋಕೈತಾ?” ಎಂದು ಆ ರೈತರು ಎರಡು ಹೆಜ್ಜೆ ಹಿಂದೆ ಸರಿದರು.

ಯಂತ್ರ ಕೊಟ್ಟ ಬೆಂಗಳೂರಿನ ಕಂಪನಿಯ ಎಂಜಿನಿಯರಿಗೆ ಫೋನ್ ಮಾಡಿದೆ. ಅವರು ಎರಡು ಬಸ್ಸು ಬದಲಾಯಿಸಿ, ಊಟ ಮುಗಿಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ. ಅವರು ರಾಗಿ ಮುಟ್ಟಿದರೆ ರಾಗಿಯೇ ಬಂತು. ಹಸು ಮುಟ್ಟಿದರೆ ಹಸುವೇ.

“ಎಲ್ಲಾ ಸರಿಯಾಗಿದ್ಯಲ್ಲಮ್ಮಾ!” ಎಂದರು.

“ಬೆಳಿಗ್ಗೆ ಕುಣೀತಿತ್ತು ಸಾರ್.”

“ನೀವು ಹೆದರ್ಕೊಂಡು ಮುಟ್ತೀರಿ. ಧೈರ್ಯವಾಗಿ ಮುಟ್ಟಿ.”

ಮರುದಿನ ಬೆಳಿಗ್ಗೆ ನಾನು ಎಷ್ಟು ಧೈರ್ಯವಾಗಿ ಮುಟ್ಟಿದರೂ ಬಂದದ್ದು ಕಾಲುಬಾಯಿ ಜ್ವರವೇ. ಎಂಜಿನಿಯರ್ ಇನ್ನೊಮ್ಮೆ ಬಂದರು. ಮತ್ತೆ ಮಧ್ಯಾಹ್ನ. ಅವರೆದುರು ಯಂತ್ರ, ಪರೀಕ್ಷೆಗೆ ಓದಿಕೊಂಡು ಬಂದ ಹುಡುಗಿಯಂತೆ ನಡೆದುಕೊಂಡಿತು. ಈ ಸಲ ಅವರು ನನ್ನ ಗಾಜಿನ ಬಳೆಗಳನ್ನು ಅನುಮಾನದಿಂದ ನೋಡಿದರು. ಬಳೆ ತೆಗೆದಿಟ್ಟೆ, ಪ್ರಯೋಜನವಾಗಲಿಲ್ಲ. ಬರಿಗೈ ಕಂಡ ನಮ್ಮಮ್ಮನಿಂದ ಬೈಸಿಕೊಂಡದ್ದಷ್ಟೇ ಲಾಭ.

ಆಗ ಕಾರ್ಯದರ್ಶಿಗಳಿಗೆ ತಮ್ಮದೇ ಒಂದು ವಿಚಾರ ಹೊಳೆಯಿತು. “ಬೆಳಿಗ್ಗೆ ಬರೋರು ಹಾಲು ಕರೆದು, ಸಗಣಿ ಬಾಚಿ ನೇರವಾಗಿ ಬರ್ತಾರೆ ಕಣಮ್ಮಾ. ಆ ಕೈಲಿ ಮುಟ್ಟಿದ್ರೆ ಮೆಷಿನ್ನು ಕೆಡದೆ ಇನ್ನೇನಾಗುತ್ತೆ?” ಎಂದರು. ಬಾಗಿಲ ಬಳಿ ಬಕೆಟ್ಟಿನಲ್ಲಿ ನೀರು, ಸೋಪು, ಟವೆಲು ಇಡಿಸಿದರು. ‘ಕೈ ತೊಳೆದು ಮುಟ್ಟಿ’ ಎಂದು ನನ್ನಿಂದ ಬೋರ್ಡು ಬರೆಸಿದರು. ಜನ ಕೈ ತೊಳೆದರು. ಜೊತೆಗೆ ಕಾಲೂ ತೊಳೆದರು, ಚಪ್ಪಲಿ ಹೊರಗೆ ಬಿಟ್ಟರು. ಒಬ್ಬ ಅಜ್ಜ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಯಂತ್ರಕ್ಕೆ ಕೈ ಮುಗಿದು, ಏನನ್ನೂ ಮುಟ್ಟದೆ ಹೊರಟುಹೋದರು. ಟವೆಲೂ ಅವರೊಂದಿಗೆ ಹೋಯಿತು.

ಆ ವಾರದ ಕೊನೆಗೆ ರೇಷ್ಮೆಹುಳು ಸಾಕುತ್ತಿದ್ದ ಹೆಂಗಸೊಬ್ಬರು ಬಂದರು. ಐವತ್ತರ ಆಸುಪಾಸು. ಮಗಳನ್ನು ಮಾತನಾಡಿಸುವಂತೆ ನನ್ನನ್ನು ಮಾತನಾಡಿಸುತ್ತಿದ್ದರು. ಹುಳುಗಳು ಸತ್ತು ಸುಣ್ಣದ ಕಡ್ಡಿಯಂತಾಗುವ ರೋಗದ ಬಗ್ಗೆ ಅವರಿಗೆ ತಿಳಿಯಬೇಕಿತ್ತು. ನಾನು ರೇಷ್ಮೆಗೂಡು ಮುಟ್ಟಿದೆ. ಟೊಮೇಟೊ ಬಂತು. ಅವಮಾನದಿಂದ ಕಣ್ಣಲ್ಲಿ ನೀರು ಬಂದೇಬಿಟ್ಟಿತು.

“ಅಳ್ಬ್ಯಾಡ ಕಣವ್ವಾ,” ಎಂದು ಅವರು ಗಾಜಿಗೆ ಮುಖ ಹತ್ತಿರ ಮಾಡಿದರು. “ಕಾಣೋದೇ ಇಲ್ವಲ್ಲೇ ಇದು! ಬಿಸ್ಲು ಒಳ್ಳೆ ಮಕಕ್ಕೆ ಹೊಡ್ದಂಗೆ ಬತ್ತೈತೆ. ನಮ್ ಹುಳದ್ ಮನೇಲಿ ಹಿಂಗೆ ಬಿಸ್ಲು ಬಿಟ್ರೆ ಒಂದ್ ಹುಳಾನೂ ಉಳಿಯಾಕಿಲ್ಲ.”

ಮೂಲೆಯಲ್ಲಿ ಬಿದ್ದಿದ್ದ ಗೊಬ್ಬರದ ಖಾಲಿ ಗೋಣಿಚೀಲವೊಂದನ್ನು ಕೊಡವಿ, ಪೂರ್ವದ ಕಿಟಕಿಯ ಸರಳುಗಳಿಗೆ ಸಿಕ್ಕಿಸಿದರು. ಕೋಣೆ ಮಬ್ಬಾಯಿತು. ಪುಟ ಮಗುಚುವುದು ತಟ್ಟನೆ ನಿಂತಿತು. ನಾನು ಹೆದರಿಕೊಂಡೇ ರೇಷ್ಮೆಗೂಡು ಮುಟ್ಟಿದೆ. ರೇಷ್ಮೆಯೇ ಬಂತು. ಗೋಣಿ ಎತ್ತಿದೆ, ಹಸು ಬಂತು. ಇಳಿಬಿಟ್ಟೆ, ನಿಂತಿತು. ಅವರು “ಸಾಕು ಬಿಡವ್ವಾ, ನನ್ ರೋಗ ತೋರ್ಸು” ಎನ್ನುವವರೆಗೂ ಗೋಣಿ ಎತ್ತಿ ಇಳಿಸಿ ಆಡಿದೆ.

ಎಂಜಿನಿಯರಿಗೆ ಫೋನಿನಲ್ಲಿ ಹೇಳಿದೆ. ಗಾಜಿನ ಸುತ್ತಲಿನ ಚೌಕಟ್ಟಿನಲ್ಲಿ ಕಣ್ಣಿಗೆ ಕಾಣದ ಬೆಳಕಿನ ಕಿರಣಗಳು ಓಡುತ್ತವೆ, ಬೆರಳು ಅವುಗಳಿಗೆ ಅಡ್ಡ ಬಂದಾಗ ಯಂತ್ರಕ್ಕೆ ತಿಳಿಯುತ್ತದೆ, ಬಿಸಿಲು ಬಿದ್ದರೆ ಲೆಕ್ಕ ತಪ್ಪುತ್ತದೆ ಎಂದು ಅವರು ವಿವರಿಸಿದರು. ನಮ್ಮ ಕಿಟಕಿಯಲ್ಲಿ ಬಿಸಿಲು ಹನ್ನೊಂದೂವರೆಗೆಲ್ಲ ಸರಿದುಹೋಗುತ್ತಿತ್ತು. ಅವರು ಬರುತ್ತಿದ್ದದ್ದು ಅದಾದ ಮೇಲೆ.

“ಇದನ್ನ ಮೊದಲೇ ಹೇಳ್ಬಾರ್ದಿತ್ತಾ ಸಾರ್?” ಎಂದೆ.

“ನೀವು ಬಿಸಿಲು ಬರುತ್ತೆ ಅಂತ ಹೇಳ್ಲೇ ಇಲ್ವಲ್ಲಮ್ಮಾ!”

ಕಾರ್ಯದರ್ಶಿಗಳು ಗೋಣಿ ತೆಗೆಸಿ ನೀಲಿ ಪರದೆ ಹೊಲಿಸಿದರು. ಮುಂದಿನ ತಿಂಗಳು ನೋಡಲು ಬಂದ ಅಧಿಕಾರಿಗಳಿಗೆ, “ಎಂಜಿನಿಯರಿಗೂ ಗೊತ್ತಾಗ್ಲಿಲ್ಲ ಸಾರ್, ನಾವೇ ಕಂಡುಹಿಡಿದ್ವಿ” ಎಂದು ವಿವರಿಸಿದರು. ಆ ಹೆಂಗಸು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದರು. ನಾನು ಅವರ ಮುಖ ನೋಡಿದೆ. ಅವರು ಸೆರಗಿನಲ್ಲಿ ನಗು ಮುಚ್ಚಿಕೊಂಡು ನನ್ನ ಕಿವಿಯಲ್ಲಿ, “ಹೇಳ್ಕಳ್ಳಿ ಬಿಡವ್ವಾ, ಪಾಪ. ಪರದೆ ಹೊಲ್ಸಿದ್ದಾದ್ರೂ ಅವ್ರೇ ತಾನೆ?” ಎಂದರು.