ಕೀರ್ತಿರಾಜ್ ಔಷಧಿ ತಗೊಂಡ ದಿನ

ಕೊರವಂಗಲದ ಕೀರ್ತಿರಾಜ್‌ಗೆ ಮೂವತ್ನಾಲ್ಕು ವರ್ಷ. ಹಾಸನದ ಒಂದು ಗೊಬ್ಬರ, ಕೀಟನಾಶಕದ ಅಂಗಡಿಯಲ್ಲಿ ಕೆಲಸ. ಹನ್ನೊಂದು ವರ್ಷದಿಂದ ಸಂಜೆ ತಪ್ಪದೆ ಜಿಮ್ಮು, ಮನೆಯಲ್ಲಿ ಮುದ್ದೆ, ಹುರುಳಿಸಾರು, ಮೊಟ್ಟೆ, ಹೊತ್ತಿಗೆ ಸರಿಯಾಗಿ ನಿದ್ದೆ. ಯೂರಿಯಾ ಮೂಟೆಯನ್ನು ಉಸ್ಸೆನ್ನದೆ ಎತ್ತುವ ಮೈ ಬಂದದ್ದು ಹಾಗೆ, ನಿಧಾನಕ್ಕೆ. ಅಂಗಡಿಗೆ ಬಂದ ರೈತರಿಗೆಲ್ಲ ಅವನದು ಒಂದೇ ಪಾಠ: "ಡಬ್ಬಿ ಮ್ಯಾಲೆ ಬರ್ದಿರಾದ ಓದ್ರಣ್ಣ, ಮೂಗಿಗೆ ಬಟ್ಟೆ ಕಟ್ಕಳ್ರಣ್ಣ." ಊರಿಗೆಲ್ಲ ಬುದ್ಧಿ ಹೇಳುವವನೇ ಕೊನೆಗೆ ಹಳ್ಳಕ್ಕೆ ಬಿದ್ದ.

ರಜನೀಶ್ ಎಂಬವನು ಜಿಮ್ಮಿಗೆ ಸೇರಿ ಎಂಟೇ ತಿಂಗಳಾಗಿತ್ತು. ಅಷ್ಟರಲ್ಲಿ ಅವನ ತೋಳು ಕೀರ್ತಿಯ ತೋಳನ್ನು ಮೀರಿಸಿತು. ಅವನು ದಿನಾ ಮೊಬೈಲಿಗೆ ಹಾಕುವ ಫೋಟೋ ನೋಡಿ ನೋಡಿ ಕೀರ್ತಿಗೆ ಕನ್ನಡಿ ನೋಡುವುದೆಂದರೆ ಭಯವಾಗತೊಡಗಿತು. ಹನ್ನೊಂದು ವರ್ಷದ ದುಡಿಮೆ ಅವನ ಕಣ್ಣಿಗೇ ಸಣ್ಣದಾಗಿ ಕಂಡಿತು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತಲ್ಲ, ಇವನೂ ರಜನೀಶನ ಕೈಯಿಂದಲೇ ಮೈ ಬರಿಸುವ ಚುಚ್ಚುಮದ್ದಿನ ಒಂದು ಪುಟ್ಟ ಶೀಸೆ ತೆಗೆದುಕೊಂಡ. ಅದರ ಮೇಲೆ ಏನು ಬರೆದಿದೆ ಎಂದು ಮಾತ್ರ ಓದಲಿಲ್ಲ.

ಮೂರು ಸಲ ಚುಚ್ಚಿಕೊಂಡ. ತೋಳು ಉಬ್ಬಿತು, ಮುಖವೂ ಉಬ್ಬಿತು. ಸುಮ್ಮನೆ ಕೂತರೂ ಎದೆ ಡವಡವ ಅನ್ನುತ್ತಿತ್ತು. ಮುಂದುವರಿಸಲು ಹೆದರಿಕೆ, ನಿಲ್ಲಿಸಿದರೆ ಇದ್ದದ್ದೂ ಇಳಿದುಹೋದೀತೆಂಬ ಹೆದರಿಕೆ ಅದಕ್ಕಿಂತ ಹೆಚ್ಚು. ಯಾರಿಗೂ ಹೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ಫೋನಿನಲ್ಲಿ ರಜನೀಶನಿಗೆ ಹೇಳಿದ: "ಭಯ ಆಯ್ತದೆ ಕಣ್ಲಾ. ಆದ್ರೂ ಇವತ್ತು ಔಷ್ದಿ ತಗೊಂಡ್ಬುಡ್ತೀನಿ. ಆಮ್ಯಾಕೆ ಏನಾರಾ ಆಗ್ಲಿ."

ಒಳಗೆ ಪಾತ್ರೆ ತೊಳೆಯುತ್ತಿದ್ದ ತಾಯಿ ಅನಸೂಯಮ್ಮನಿಗೆ ಇಷ್ಟು ಕೇಳಿಸಿದ್ದೇ ಸಾಕಾಯಿತು. ನಮ್ಮ ಕಡೆ ಜ್ವರಕ್ಕೆ ನುಂಗುವುದು ಮಾತ್ರೆ. ಔಷಧಿ ಎಂದರೆ ಆಲೂಗಡ್ಡೆ ಬೆಳೆಗೆ ಹೊಡೆಯುವ ವಿಷ. ಯಾರಾದರೂ ಔಷಧಿ ತಗೊಂಡರು ಎಂದರೆ ಊರಿನವರು ಎರಡನೇ ಮಾತು ಕೇಳುವುದಿಲ್ಲ, ಗಾಡಿ ಕರೆಯುತ್ತಾರೆ. ಮಗ ಕೆಲಸ ಮಾಡುವುದಂತೂ ಆ ಔಷಧಿಗಳ ನಡುವೆಯೇ.

"ಅಯ್ಯಯ್ಯೋ, ಬನ್ರಪ್ಪೋ! ನನ್ ಮಗ ಔಷ್ದಿ ತಗೊಂಡ್ಬುಟ್ಟ!"

ಪಕ್ಕದ ಮನೆಯ ಕೃಷ್ಣಪ್ಪ ಆಟೋ ತಂದೇಬಿಟ್ಟ. ನಾಲ್ಕು ಜನ ಕೀರ್ತಿಯನ್ನು ಹಿಡಿದು ಬಾಯಿಗೆ ಸೋಪಿನ ನೀರು ಹೊಯ್ದರು. "ಇಸ ಅಲ್ಲ ಕಣವ್ವ, ಮೈ ಬರೋ ಔಷ್ದಿ!" ಎಂದು ಅವನು ಕಿರುಚಿದರೆ ಎಲ್ಲರಿಗೂ ಕೇಳಿಸಿದ್ದು ಕೊನೆಯ ಮಾತೊಂದೇ. ಅಷ್ಟು ಬಲದ ಮೈಯವನು ಕಕ್ಕುತ್ತಾ ಆಟೋದಲ್ಲಿ ಮುದುರಿ ಕೂತ. ಅವನ ಜೇಬಿನಲ್ಲಿ ಸಿಕ್ಕ ಶೀಸೆಯನ್ನು ತಾಯಿ ಸೆರಗಿಗೆ ಕಟ್ಟಿಕೊಂಡಳು. ಹಾಸನ ಮುಟ್ಟುವವರೆಗೂ ಮಗನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ ವೈದ್ಯರು ಶೀಸೆಯನ್ನು ತಿರುಗಿಸಿ ನೋಡಿದರು. "ಗಾಬರಿಯಾಗಬೇಡಿ ಅಮ್ಮ, ಇದು ಬೆಳೆಗೆ ಹೊಡೆಯೋ ಔಷಧಿ ಅಲ್ಲ. ಮಾಂಸಖಂಡ ಬೆಳೀಲಿ ಅಂತ ಚುಚ್ಚಿಕೊಳ್ಳೋದು."

ಅನಸೂಯಮ್ಮ ಕುಸಿದು ಕೂತು ಕೈ ಮುಗಿದಳು. ಕೃಷ್ಣಪ್ಪನಿಗೆ ನಗು ಬಂತು. ಆದರೆ ವೈದ್ಯರು ನಗಲಿಲ್ಲ. ಕೀರ್ತಿಯ ರಕ್ತದೊತ್ತಡ ಒಮ್ಮೆ ನೋಡಿದರು, ನಂಬಿಕೆಯಾಗದೆ ಇನ್ನೊಮ್ಮೆ ನೋಡಿದರು.

"ಎಷ್ಟು ತಗೊಂಡಿದ್ದೀಯಪ್ಪಾ?"

"ಮೂರು, ಸಾ."

"ಹೃದಯಕ್ಕೂ ಲಿವರಿಗೂ ಏನು ಪೆಟ್ಟು ಬಿದ್ದಿದೆಯೋ ಪರೀಕ್ಷೆ ಮಾಡಬೇಕು. ಇದರೊಳಗೆ ಏನಿದೆ ಅಂತ ಇದನ್ನ ಮಾರಿದವನಿಗೂ ಗೊತ್ತಿರಲ್ಲ. ಇಲ್ಲೇ ಮಲಗು."

ಕೀರ್ತಿಯ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದುಕೊಂಡರು. ಅವನು ಕಣ್ಣು ಮುಚ್ಚಿಕೊಂಡ. ಇನ್ಯಾರ ತೋಳೂ ಅವನಿಗೆ ನೆನಪಾಗಲಿಲ್ಲ.

"ಇನ್ನು ಮುಟ್ಟಲ್ಲ ಕಣವ್ವ. ಇರೋ ಮೈಯೇ ಸಾಕು," ಅಂದ.

ತಾಯಿ ಅವನ ಕಡೆ ತಿರುಗಲಿಲ್ಲ. ಎದ್ದು ವೈದ್ಯರ ಎದುರಿಗೆ ನಿಂತು, ಸಣ್ಣ ದನಿಯಲ್ಲಿ ಕೇಳಿದಳು:

"ಬೆಳೆಗೆ ಹೊಡ್ಯೋ ಔಷ್ದಿಯಾದ್ರೆ ಒಂದೇ ದಿನ್ದಲ್ಲಿ ಜೀವ ತಗತದೆ ಸಾ. ಇದು ಎಷ್ಟು ದಿನ ತಗತದೆ?"

ವೈದ್ಯರು ಪರೀಕ್ಷೆಯ ಚೀಟಿ ಬರೆಯತೊಡಗಿದರು. ಅವಳು ಅವರ ಮುಖವನ್ನೇ ನೋಡುತ್ತಾ ನಿಂತಿದ್ದಳು.