ಭದ್ರಾವತಿಯಲ್ಲಿ ಕ್ಯಾಂಟಾಟಾಗೆ ಪಿಟೀಲು ಹಿಡಿದದ್ದು

ಕೋವಿಡ್ ಗಲಾಟೆ ಮುಗಿದ ಮರುವರ್ಷ. ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ಸಂಗೀತ ಶಿಕ್ಷಕಿಯಾಗಿದ್ದ ನಾನು ಆಗಷ್ಟೇ ನಿವೃತ್ತಳಾಗಿ, ಅಲ್ಲೇ ಗೋಪಾಳ ಬಡಾವಣೆಯ ಮನೆಯಲ್ಲಿ ಪಿಟೀಲು ಪಾಠ ಹೇಳುತ್ತಿದ್ದೆ. ಒಂದು ಸಂಜೆ ಭದ್ರಾವತಿಯ ಚರ್ಚೊಂದರ ಗಾಯಕವೃಂದ ನಡೆಸುವ ಡೇನಿಯಲ್ ಬಂದರು. ಮುನ್ನೂರು ವರ್ಷ ಹಳೆಯ ಜರ್ಮನ್ ಕ್ಯಾಂಟಾಟಾ ಒಂದನ್ನು ಅವರು ಕನ್ನಡದ ಮಾತುಗಳಲ್ಲಿ ಹಾಡಿಸಲು ಹೊರಟಿದ್ದರು. ಕ್ಯಾಂಟಾಟಾ ಎಂದರೆ ದೇವರ ವಾಕ್ಯಗಳಿಗೆ ಕಟ್ಟಿದ ಸಂಗೀತ; ವೃಂದಗಾನ, ನಡುವೆ ಒಬ್ಬರೇ ಹಾಡುವ ಸೋಲೊ, ಜೊತೆಗೆ ವಾದ್ಯ. ಅವರ ಪಿಟೀಲುಗಾರ ಕೈ ಮುರಿದುಕೊಂಡಿದ್ದ.

"ನನಗೆ ಆ ಐದು ಗೆರೆಯ ಸ್ಟಾಫ್ ನೊಟೇಶನ್ ಓದೋಕೆ ಬರಲ್ಲ ಮಾರಾಯ್ರೆ," ಎಂದೆ.

"ಸರಿಗಮದಲ್ಲಿ ಬರ್ಕೊಡ್ತೀನಿ ಮೇಡಂ. ಸ್ಟೆಲ್ಲಾಗೋಸ್ಕರ ಒಪ್ಕೊಳ್ಳಿ."

ಸ್ಟೆಲ್ಲಾ ನರ್ಸ್, ಆ ವೃಂದದ ಅತ್ಯುತ್ತಮ ಕಂಠ. ಅವಳ ಥೈರಾಯ್ಡ್ ಗಡ್ಡೆಗೆ ಆಪರೇಷನ್ ನಿಗದಿಯಾಗಿತ್ತು. ಆಮೇಲೆ ಧ್ವನಿ ಹೀಗೇ ಇರುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರ್. ಅದಕ್ಕೆ ಮೊದಲಿನ ಭಾನುವಾರ ಆ ಸೋಲೊ ಹಾಡಿಬಿಡಬೇಕೆಂಬುದು ಅವಳ ಆಸೆ. ಇಲ್ಲವೆನ್ನಲು ನನಗೆ ನಾಲಿಗೆ ಏಳಲಿಲ್ಲ.

ಮೊದಲ ಅಭ್ಯಾಸ ಶುದ್ಧ ಫಜೀತಿ. ಎಲ್ಲರೂ ನಿಂತಿದ್ದರೆ ನಾನೊಬ್ಬಳು ಚಾಪೆ ಹಾಸಿ ಕುಳಿತಿದ್ದೆ. ಗಮಕ ಸೇರಿಸದೆ ಸ್ವರವನ್ನು ನೇರ ಹಿಡಿಯುವುದು ಹೇಗೋ ಕೈಗೆ ಬಂತು. ಆದರೆ ಸೋಲೊ ಶುರುವಾದರೆ ಸಾಕು, ಹಾಡು ಹೋಗುತ್ತ ಹೋಗುತ್ತ ನಿಧಾನವಾಗಿ ನಿಂತೇಬಿಡುತ್ತಿತ್ತು. ಮತ್ತೆ ಮತ್ತೆ ಅದೇ ಕಥೆ. ಸ್ಟೆಲ್ಲಾ ಉಸಿರು ಸಾಲದೆ ಕುರ್ಚಿ ಹಿಡಿದಳು.

"ಗಂಟಲು ಈಗ್ಲೇ ಕೈಕೊಡ್ತಿದೆ. ಬಿಟ್ಬಿಡೋಣ ಅಣ್ಣ," ಎಂದು ಡೇನಿಯಲ್ ಮುಂದೆ ಅತ್ತುಬಿಟ್ಟಳು.

ನನಗೆ ರೇಗಿತು. "ಗಂಟಲಿಗೇನೂ ಆಗಿಲ್ಲ ಮಾರಾಯ್ತಿ! ಯಾರಿಗೆ ಕಾಯ್ತಿದ್ದೀಯ ನೀನು?"

"ನಿಮಗೇ ಮೇಡಂ. ಪಿಟೀಲು ಮುಂದೆ ಹೋದ್ರೆ ತಾನೇ ನಾನು ಹಾಡೋದು?"

"ಅಯ್ಯೋ, ನಾನು ನಿನಗೆ ಕಾಯ್ತಿದ್ದೀನಲ್ಲೇ!"

ಕೀಬೋರ್ಡಿನಲ್ಲಿ ಎಲ್ಲಕ್ಕೂ ಆಧಾರವಾದ ಕೆಳಸ್ವರ ನುಡಿಸುತ್ತಿದ್ದ ಡೇನಿಯಲ್ ಹಣೆ ಚಚ್ಚಿಕೊಂಡರು. "ನಾನು ನಿಮ್ಮಿಬ್ರಿಗೂ ಕಾಯ್ತಿದ್ದೆ!"

ನಮ್ಮ ಕಚೇರಿಗಳಲ್ಲಿ ಪಕ್ಕವಾದ್ಯದವರು ಗಾಯಕರ ಹಿಂದೆ ಕೂದಲೆಳೆಯಷ್ಟು ತಡವಾಗಿ ನಡೆಯಬೇಕು, ಅದೇ ಮರ್ಯಾದೆ. ಜೀವಮಾನವಿಡೀ ನಾನು ಕಲಿಸಿದ್ದೂ ಅದನ್ನೇ. ಇಲ್ಲಿ ಪಿಟೀಲಿಗೂ ಕಂಠಕ್ಕೂ ಬೇರೆ ಬೇರೆ ದಾರಿ, ತಾಳ ಮಾತ್ರ ಒಂದೇ. "ಇನ್ಮೇಲೆ ಕೆಳಸ್ವರ ಹಿಡ್ಕೊಂಡು ಬನ್ನಿ, ನಾನಂತೂ ನಿಲ್ಲಲ್ಲ," ಎಂದರು ಡೇನಿಯಲ್. ಅತ್ತವಳೂ ನಕ್ಕಳು.

ಆ ಭಾನುವಾರ ಚರ್ಚು ತುಂಬಿತ್ತು. ಸೋಲೊದ ನಡುವೆ ಒಂದು ಕಡೆ ಅವಳ ಉಸಿರು ತುಂಡಾಯಿತು, ದನಿ ಇಲ್ಲವಾಯಿತು. ಕಾಯಬೇಕೆಂದು ನನ್ನ ಕಮಾನು ತಡವರಿಸಿತು. ಆದರೂ ಕೆಳಸ್ವರ ಹಿಡಿದು ನುಡಿಸುತ್ತ ಮುಂದೆ ನಡೆದೆ. ಅವಳು ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಬಂದು ಸೇರಿದಳು, ಕೊನೆಯವರೆಗೂ ಹಾಡಿದಳು.

ಆಪರೇಷನ್ ಆದ ಮೇಲೆ ಅವಳ ಮೇಲಿನ ಸ್ವರಗಳು ಮರಳಲಿಲ್ಲ. ಈಗ ವೃಂದದ ಕೆಳಶ್ರುತಿಯವರ ಜೊತೆ ಹಾಡುತ್ತಾಳೆ. ಜೊತೆ ಕೊಡುವುದೆಂದರೆ ಕೆಲವೊಮ್ಮೆ ನಿಲ್ಲದೆ ನಡೆಯುವುದು ಎಂಬ ಪಾಠ ನನಗೆ ಸೇವೆಯಲ್ಲಿದ್ದಾಗ ಸಿಗಲಿಲ್ಲ, ಅವಳಿಂದ ಸಿಕ್ಕಿತು. ಮೊನ್ನೆ ಫೋನಿನಲ್ಲಿ ಆ ಋಣದ ಮಾತೆತ್ತಿದರೆ, ಒಡಕು ದನಿಯಲ್ಲೇ ನಕ್ಕಳು.

"ಅವತ್ತು ನೀವು ಪಾಪ ಅಂತ ನಿಂತಿದ್ರೆ, ನಾನು ಅಲ್ಲೇ ನಿಂತುಬಿಡ್ತಿದ್ದೆ ಮೇಡಂ."